ಪರವಾನಗಿಯಲ್ಲಿ ಇಲ್ಲದ ಹೆಸರು

ವ್ಯಕ್ತಿಪರಿಚಯದ ಪಾಠಗಳಲ್ಲಿ ಹುಟ್ಟಿದ ವರ್ಷ, ಪಡೆದ ಬಿರುದು, ತೀರಿಕೊಂಡ ವರ್ಷ ಇವುಗಳಿಗೆ ದೊರೆಯುವಷ್ಟು ಅವಕಾಶ ಆ ವ್ಯಕ್ತಿಯ ಕೆಲಸಕ್ಕೆ ದೊರೆಯುವುದು ವಿರಳ. ಪಂದ್ಯದ ಕುದುರೆಗಳನ್ನು ಪಳಗಿಸಿದ ಇಂಗ್ಲೆಂಡಿನ ಫ್ಲಾರೆನ್ಸ್ ನೇಗಲ್ (1894–1988) ಅವರ ಜೀವನವನ್ನಾದರೋ ಕೆಲಸದಿಂದಲೇ ಆರಂಭಿಸಬೇಕು. ತರಬೇತುದಾರರ ಅಧಿಕೃತ ಪಟ್ಟಿಯಲ್ಲಿ ಹುಡುಕಿದರೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅವರ ಹೆಸರೇ ಕಾಣಿಸದು.

ಪಂದ್ಯದ ದಿನ ಜನರ ಕಣ್ಣಿಗೆ ಬೀಳುವವನು ಸವಾರ. ತರಬೇತುದಾರರ ಕೆಲಸ ನಡೆಯುವುದು ನಸುಕಿನಲ್ಲಿ, ಲಾಯದಲ್ಲಿ. ಯಾವ ಕುದುರೆ ರಾತ್ರಿ ಮೇವು ಬಿಟ್ಟಿದೆ, ಯಾವುದರ ಮುಂಗಾಲು ಮುಟ್ಟಿದರೆ ಬಿಸಿಯಾಗಿದೆ, ಇಂದು ಎಷ್ಟು ದೂರ ಓಡಿಸಬೇಕು, ಯಾವುದನ್ನು ವಿಶ್ರಾಂತಿಗೆ ಬಿಡಬೇಕು, ಯಾವ ಪಂದ್ಯಕ್ಕೆ ಯಾವುದನ್ನು ಇಳಿಸಬೇಕು ಎಂಬ ನಿರ್ಣಯಗಳೆಲ್ಲ ಅವರವು. ಎತ್ತಿನ ಶರ್ಯತ್ತುಗಳನ್ನು ಕಂಡು ಬೆಳೆದ ಜತ್ತ ತಾಲೂಕಿನ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. (ಜೂಜಿನ ಪ್ರಶ್ನೆಯನ್ನು ಮಕ್ಕಳು ಎತ್ತಿಯೇ ಎತ್ತುತ್ತಾರೆ, ಅದು ಬೇರೊಂದು ಪಾಠದ ವಿಷಯ.)

ನೇಗಲ್ ಅವರು 1920ರಿಂದ ಈ ಕೆಲಸದಲ್ಲಿದ್ದರು. ಆದರೆ ಬ್ರಿಟನ್ನಿನ ಫ್ಲಾಟ್ ಕುದುರೆ ಪಂದ್ಯಗಳ ಮೇಲೆ ಸಂಪೂರ್ಣ ಹತೋಟಿ ಹೊಂದಿದ್ದ ಜಾಕಿ ಕ್ಲಬ್ ಸ್ತ್ರೀಯರಿಗೆ ತರಬೇತಿಯ ಪರವಾನಗಿ ಕೊಡುತ್ತಿರಲಿಲ್ಲ. ಪರವಾನಗಿ ಇದ್ದುದು ಅವರದೇ ಲಾಯದಲ್ಲಿ ಸಂಬಳಕ್ಕಿದ್ದ ಮುಖ್ಯ ಆಳಿನ ಹೆಸರಿನಲ್ಲಿ. 1937ರ ಡರ್ಬಿಯಲ್ಲಿ ನೇಗಲ್ ಅವರ ಸ್ಯಾಂಡ್‌ಸ್ಪ್ರೈಟ್ ಎಂಬ ಕುದುರೆ ಎರಡನೆಯ ಸ್ಥಾನ ಪಡೆಯಿತು. ಅಂದು ಗೆದ್ದ ಮಿಡ್‌ಡೇ ಸನ್ ಕುದುರೆಯ ಒಡೆಯರೂ ಒಬ್ಬ ಮಹಿಳೆಯೇ. ಕುದುರೆಗೆ ಒಡತಿಯಾಗುವುದಕ್ಕೆ ಅಡ್ಡಿಯಿಲ್ಲ, ಅದನ್ನು ಪಳಗಿಸಿದೆನೆಂದು ಹೇಳಿಕೊಳ್ಳುವುದಕ್ಕೆ ಮಾತ್ರ ಅಡ್ಡಿ! ಈ ವಿಪರ್ಯಾಸವನ್ನು ಮಕ್ಕಳೇ ಗುರುತಿಸುವಂತೆ ಶಿಕ್ಷಕರು ಸ್ವಲ್ಪ ಕಾಯುವುದು ಲೇಸು.

ಮತ್ತೆ ಮತ್ತೆ ಸಲ್ಲಿಸಿದ ಅರ್ಜಿಗಳು ತಿರಸ್ಕೃತವಾದಾಗ ನೇಗಲ್ ನ್ಯಾಯಾಲಯದ ಮೆಟ್ಟಿಲೇರಿದರು. ಕ್ಲಬ್ಬಿಗೂ ಅವರಿಗೂ ಯಾವ ಕರಾರೂ ಇಲ್ಲ, ಆದುದರಿಂದ ವ್ಯಾಜ್ಯಕ್ಕೆ ಆಧಾರವಿಲ್ಲ ಎಂಬುದು ಎದುರು ಪಕ್ಷದ ವಾದ. ಕೆಳಗಿನ ಹಂತದಲ್ಲಿ ಈ ವಾದವೇ ಗೆದ್ದಿತು. 1966ರ ಫೆಬ್ರವರಿಯಲ್ಲಿ ಲಾರ್ಡ್ ಡೆನ್ನಿಂಗ್ ಅವರಿದ್ದ ಮೇಲ್ಮನವಿ ನ್ಯಾಯಪೀಠವು, ಒಂದು ವೃತ್ತಿಯನ್ನೇ ಕೈವಶದಲ್ಲಿಟ್ಟುಕೊಂಡ ಸಂಸ್ಥೆಯು ಮನಬಂದಂತೆ ಒಬ್ಬರನ್ನು ಆ ವೃತ್ತಿಯಿಂದ ಹೊರಗಿಡಬಹುದೇ ಎಂಬುದು ವಿಚಾರಣೆಗೆ ಯೋಗ್ಯವಾದ ಪ್ರಶ್ನೆಯೆಂದು ತೀರ್ಮಾನಿಸಿತು. ಪೂರ್ಣ ವಿಚಾರಣೆಯವರೆಗೆ ಕ್ಲಬ್ ಹೋಗಲಿಲ್ಲ. ಅದೇ ವರ್ಷ ಪರವಾನಗಿ ಕೊಟ್ಟಿತು. ಆಗ ನೇಗಲ್ ಅವರಿಗೆ 71 ವರ್ಷ.

ಆದರೆ ಅಧಿಕೃತ ದಾಖಲೆಯಲ್ಲಿ ಗೆಲುವು ಪಡೆದ ಮೊದಲ ತರಬೇತುದಾರ್ತಿ ಅವರಲ್ಲ. 1966ರ ಆಗಸ್ಟ್ 3ರಂದು ಬ್ರೈಟನ್‌ನಲ್ಲಿ ಆ ಗೆಲುವು ನೋರಾ ವಿಲ್ಮಟ್ ಅವರದಾಯಿತು. ಅವರೂ ದಶಕಗಳಿಂದ ಹೆಸರಿಲ್ಲದೆಯೇ ಕುದುರೆಗಳನ್ನು ಪಳಗಿಸಿದವರು. ಬೇಟೆನಾಯಿಗಳ ಪ್ರಸಿದ್ಧ ಸಾಕಣೆಗಾರ್ತಿಯೂ ಆಗಿದ್ದ ನೇಗಲ್, ಎಂಬತ್ತು ದಾಟಿದ ಮೇಲೆ, ಸ್ತ್ರೀಯರಿಗೆ ಸದಸ್ಯತ್ವ ಕೊಡದಿದ್ದ ಕೆನಲ್ ಕ್ಲಬ್ಬಿನ ವಿರುದ್ಧವೂ ಕಾನೂನಿನ ಮೊರೆಹೋದರು.

ಸೋನ್ಯಾಳದಂಥ ಊರಿನ ತರಗತಿಯಲ್ಲಿ ಈ ಪಾಠವು ಇಂಗ್ಲೆಂಡಿನಲ್ಲಿಯೇ ಉಳಿಯಬೇಕಾಗಿಲ್ಲ. ಜೋಳದ ಹೊಲದಲ್ಲಿ ಕಳೆ ತೆಗೆಯುವವರು ಯಾರು, ಸಾತಬಾರಾ ಉತಾರದಲ್ಲಿ ಇರುವ ಹೆಸರು ಸಾಮಾನ್ಯವಾಗಿ ಯಾರದು? ಎಮ್ಮೆ ಕರೆಯುವವರು ಯಾರು, ಡೇರಿಯ ಪುಸ್ತಕ ಯಾರ ಹೆಸರಿನಲ್ಲಿದೆ? 2024ರ ಮೇ 1ರಿಂದ ಈಚೆಗೆ ಜನಿಸಿದವರ ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರಿನ ನಂತರ ತಾಯಿಯ ಹೆಸರು ಬರೆಯುವುದನ್ನು ಮಹಾರಾಷ್ಟ್ರ ಸರಕಾರ ಕಡ್ಡಾಯಗೊಳಿಸಿದೆ. ಆ ಮಕ್ಕಳು ಒಂದನೆಯ ಇಯತ್ತೆಗೆ ಬಂದಾಗ ಶಾಲೆಯ ಹಾಜರಿಪಟ್ಟಿಯಲ್ಲಿಯೂ ಈ ಕ್ರಮ ಕಾಣಿಸಲಿದೆ. ಚರ್ಚೆಗೆ ಇಷ್ಟು ಸಾಮಗ್ರಿ ಸಾಕು. ಯಾವ ಮಗುವಿನಿಂದಲೂ ಮನೆಯ ಉತಾರವನ್ನು ತರಿಸಬಾರದು. ಜಮೀನಿನ ತಂಟೆ ಇರುವ ಮನೆಗಳು ಪ್ರತಿ ತರಗತಿಯಲ್ಲಿಯೂ ಇರುತ್ತವೆ.