ಬೆತ್ತದ ಜಾಗದಲ್ಲಿ ಏನು?

"ನಾಲ್ಕು ಬಾರಿಸಿ, ಸರಿಹೋಗ್ತಾನೆ" ಎಂದು ಪೋಷಕರೇ ಹೇಳುವುದನ್ನು ಬೋಧನಾಭ್ಯಾಸದ ಅವಧಿಯಲ್ಲಿ ನಮ್ಮಲ್ಲಿ ಹಲವರು ಕೇಳಿರುತ್ತೇವೆ. ಇದರ ಬೇರು ಮನೆಯಲ್ಲಿದೆ. ನಮ್ಮ ಮುತ್ತಜ್ಜ ಓದಿದ್ದು ಕೂಲಿಮಠದಲ್ಲಿ. ಅಲ್ಲಿ ತಪ್ಪಿದವನನ್ನು ಹಗ್ಗಕ್ಕೆ ಜೋತುಬಿಡಿಸುವ ಕೋದಂಡವಿತ್ತು. ಅಜ್ಜನಿಗೆ ಬೆತ್ತ, ಅಪ್ಪನಿಗೆ ಸ್ಕೇಲಿನ ಏಟು. ಸಾಧನ ಸಣ್ಣದಾಗುತ್ತ ಬಂತು. 'ದಂಡಂ ದಶಗುಣಂ' ಎಂಬ ನಂಬಿಕೆ ಉಳಿಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣವು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬದಲಿಗೆ ಏನು ಮಾಡಬೇಕೆಂಬುದಕ್ಕೆ ಮನೋವಿಜ್ಞಾನ ದಾರಿ ತೋರುತ್ತದೆ. ಸ್ಕಿನ್ನರ್ ಪ್ರಕಾರ ಶಿಕ್ಷೆ ವರ್ತನೆಯನ್ನು ತಾತ್ಕಾಲಿಕವಾಗಿ ಅದುಮುತ್ತದೆ, ಹೊಸ ವರ್ತನೆಯನ್ನು ಕಲಿಸುವುದಿಲ್ಲ. ತಪ್ಪಿಗೆ ಸಂಬಂಧವಿಲ್ಲದ ದಂಡನೆ ಬೇರೆ, ತಪ್ಪಿನಿಂದಲೇ ಹುಟ್ಟುವ ಪರಿಣಾಮ ಬೇರೆ ಎಂದು ಪಿಯಾಜೆ 1932ರಲ್ಲೇ ವಿಂಗಡಿಸಿದ್ದರು.

ಎರಡನೇ ತರಗತಿಯ ಮಗು ಬೇಕೆಂದೇ ಗೆಳತಿಯ ಬಾಟಲಿಯ ನೀರು ಚೆಲ್ಲಿತು ಎನ್ನೋಣ. ಹೊಡೆದರೆ ಮಗುವಿಗೆ ನೆನಪಿರುವುದು ಏಟು ಮಾತ್ರ. ನೆಲ ಒರೆಸಿ, ಬಾಟಲಿ ತುಂಬಿಸಿ ಕೊಡಲು ಹೇಳಿದರೆ ತಪ್ಪನ್ನು ಸರಿಪಡಿಸುವ ಬಗೆಯೂ ತಿಳಿಯುತ್ತದೆ. ಆದರೆ ಎಲ್ಲರೆದುರು ಹಂಗಿಸಿ ಮಾಡಿಸಿದರೆ ಅದೂ ದಂಡನೆಯೇ.

ಶಾಲೆಗೆ ಹಾಕಿದ ಈ ನಿಯಮ ಮನೆಯೊಳಕ್ಕೆ ಬರುವುದಿಲ್ಲ. ಶಿಕ್ಷಕರ ಮಾತು ಬರಬಲ್ಲದು. "ನಾವು ಏಟು ತಿಂದೇ ಕಲಿತದ್ದು" ಎನ್ನುವ ಹಿರಿಯರೊಡನೆ ವಾದ ಬೇಡ. "ನಿಮಗೆ ಅಕ್ಷರ ಬಂದದ್ದು ಏಟಿನಿಂದಲೋ, ಪಕ್ಕದಲ್ಲಿ ಕೂತು ತಿದ್ದಿಸಿದ ಮೇಷ್ಟರಿಂದಲೋ?" ಎಂದು ವಿನಯದಿಂದ ಕೇಳಬಹುದು. ಪೋಷಕರ ಸಭೆಗೆ ಹೋಗುವ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಈ ಪ್ರಶ್ನೆಯನ್ನು ಜೊತೆಗೆ ಒಯ್ಯಬೇಕು.