ಟ್ಯಾಬ್ ಕೊಳ್ಳುವ ಮೊದಲು: ಅಂಗಡಿಯೋ, ಆನ್‌ಲೈನೋ?

(ಸ್ವಸಹಾಯ ಸಂಘಗಳ ಸಭೆಯಲ್ಲಿ ಓದಿ ಚರ್ಚಿಸಲು)



ಒಂದು ಸಂಘದ ಸಭೆಯಲ್ಲಿ ಸಾಲದ ಅರ್ಜಿಗಳನ್ನು ಓದುತ್ತಿದ್ದೆವು. ಒಬ್ಬ ತಾಯಿ 15,000 ರೂಪಾಯಿ ಕೇಳಿದ್ದರು. ಕಾರಣ ಬರೆಯುವ ಜಾಗದಲ್ಲಿ ‘ಟ್ಯಾಬ್ಲೆಟ್’ ಅಂತ ಇತ್ತು. ಹಿರಿಯ ಸದಸ್ಯೆಯೊಬ್ಬರು ಗಾಬರಿಯಾಗಿ, "ಅಯ್ಯೋ, ಇಷ್ಟು ದುಡ್ಡಿನ ಮಾತ್ರೆಯಾ? ಮಗೂಗೆ ಏನು ಕಾಯಿಲೆ?" ಅಂದರು. ಎಲ್ಲರೂ ನಕ್ಕೆವು. ಮಗಳು ಪಿಯುಸಿ ಓದುತ್ತಿದ್ದಾಳೆ, ಪಾಠದ ವಿಡಿಯೊ ನೋಡಲು, ನೋಟ್ಸ್ ಓದಲು ಟ್ಯಾಬ್ ಬೇಕು ಎಂದು ತಾಯಿ ವಿವರಿಸಿದರು. ಹೊಸದಾಗಿ ಬಿಡುಗಡೆಯಾದ ಒಂದು ಮಾಡೆಲ್ಲಿನ ಜಾಹೀರಾತನ್ನು ಮಗಳು ಮೊಬೈಲಿನಲ್ಲಿ ತೋರಿಸಿದ್ದಳಂತೆ. ಸಾಲ ಮಂಜೂರಾಯಿತು. ಹೊರಡುವಾಗ ಅವರು ನಮ್ಮನ್ನು ಕೇಳಿದರು: "ಸಿಸ್ಟರ್, ಆನ್‌ಲೈನಲ್ಲಿ ತರಿಸ್ಲಾ, ಪೇಟೆ ಅಂಗಡೀಲಿ ತಗೊಳ್ಲಾ?"

ನಾವು ಹೆಚ್ಚು ಯೋಚಿಸದೆ, "ಅಂಗಡೀಲೇ ತಗೊಳ್ಳಿ, ಅಲ್ಲಿ ಕಣ್ಣಿಗೆ ಕಾಣೋ ಮನುಷ್ಯ ಇರ್ತಾನೆ" ಅಂದೆವು. ಆ ಮಾತಿನಲ್ಲಿ ಅರ್ಧ ಮಾತ್ರ ನಿಜವಿತ್ತು. ಉಳಿದ ಅರ್ಧವನ್ನು ಹೇಳದೆ ಬಿಟ್ಟದ್ದು ನಮ್ಮ ತಪ್ಪು. ಆ ತಪ್ಪಿನಿಂದಲೇ ಈ ಪಾಠ ಹುಟ್ಟಿತು.

ನಡೆದದ್ದೇನು?

ತಾಯಿ ಪೇಟೆಗೆ ಹೋಗಿ ನಗದು ಕೊಟ್ಟು ಟ್ಯಾಬ್ ತಂದರು. ಅಂಗಡಿಯವರು, "ಬಿಲ್ ಬೇಕಾದ್ರೆ ಜಿಎಸ್‌ಟಿ ಸೇರಿ ಜಾಸ್ತಿ ಆಗುತ್ತಮ್ಮ" ಎಂದು ಹೇಳಿ ಒಂದು ಚೀಟಿಯಲ್ಲಿ ಮೊತ್ತ ಗೀಚಿ ಕೊಟ್ಟರು. ಒಂಬತ್ತನೇ ದಿನ ಪರದೆಯ ಒಂದು ಬದಿ ಎಷ್ಟು ಮುಟ್ಟಿದರೂ ಕೆಲಸ ಮಾಡಲಿಲ್ಲ. ಅಂಗಡಿಗೆ ಹೋದರೆ, "ಮಾರಿದ ಮೇಲೆ ನಮ್ಮದೇನೂ ಇಲ್ಲ, ಕಂಪನಿ ಸರ್ವಿಸ್ ಸೆಂಟರಿಗೆ ಹೋಗಿ" ಅಂದರು. ಜಿಲ್ಲಾ ಕೇಂದ್ರದ ಸರ್ವಿಸ್ ಸೆಂಟರಿಗೆ ಹೋದರೆ ಅಲ್ಲಿ ಕೇಳಿದ ಮೊದಲ ಮಾತು, "ಬಿಲ್ ಎಲ್ಲಿ?" ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಅದೇ ಸಮಯದಲ್ಲಿ ಇನ್ನೊಂದು ಸಂಘದ ಸದಸ್ಯೆ ಆನ್‌ಲೈನಿನಲ್ಲಿ ಟ್ಯಾಬ್ ತರಿಸಿದ್ದರು. ಡಬ್ಬ ತೆರೆದಾಗ ಗಾಜಿನ ಮೂಲೆ ಬಿರುಕು ಬಿಟ್ಟಿತ್ತು. ಡಬ್ಬ ಬಿಚ್ಚುವುದನ್ನು ಅವರ ಮಗ ಮೊಬೈಲಿನಲ್ಲಿ ವಿಡಿಯೊ ಮಾಡಿದ್ದ. ಆರ್ಡರ್ ನಂಬರ್, ಬಿಲ್ ಎಲ್ಲ ಮೊಬೈಲಿನಲ್ಲೇ ಇತ್ತು. ಅವತ್ತೇ ದೂರು ಕೊಟ್ಟರು. ಎಂಟನೇ ದಿನ ಹಣ ವಾಪಸ್ ಬಂತು.

ಹಾಗಾದರೆ ಆನ್‌ಲೈನೇ ಒಳ್ಳೇದಾ? ಮೂರನೆಯ ಸಂಗತಿಯನ್ನೂ ಕೇಳಿ. ಒಬ್ಬ ಯುವಕ, ವಾಟ್ಸಾಪಿನಲ್ಲಿ ಬಂದ ‘ಹೊಸ ಟ್ಯಾಬ್ ಅರ್ಧ ಬೆಲೆಗೆ’ ಎಂಬ ಲಿಂಕನ್ನು ಒತ್ತಿ 3,000 ರೂಪಾಯಿ ಮುಂಗಡ ಕಳಿಸಿದ. ಟ್ಯಾಬೂ ಬರಲಿಲ್ಲ, ಆ ನಂಬರೂ ಮತ್ತೆ ಸಿಗಲಿಲ್ಲ.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನಮಗೆ ಗೊತ್ತಾದದ್ದು ಇಷ್ಟು: ನಮ್ಮನ್ನು ಕಾಪಾಡುವುದು ಕೊಂಡ ಜಾಗ ಅಲ್ಲ. ಹಣ ಕೊಡುವ ಮೊದಲು ನಾವು ನೋಡಿದ್ದು, ಹಣ ಕೊಟ್ಟ ಮೇಲೆ ನಮ್ಮ ಕೈಯಲ್ಲಿ ಉಳಿದ ಕಾಗದ, ಇವೆರಡೇ.

ಹೊಸ ಮಾಡೆಲ್ ಎಂಬ ಅವಸರ

‘ಇವತ್ತೇ ಬಿಡುಗಡೆ, ಬೇಗ ಬುಕ್ ಮಾಡಿ’ ಎಂದರೆ ಮಕ್ಕಳಿಗೆ ನಿದ್ದೆ ಬರುವುದಿಲ್ಲ. ಹಿಂದಿನ ಒಂದು ಉದಾಹರಣೆ ನೆನಪಿಸಿಕೊಳ್ಳೋಣ. ವಿದ್ಯಾರ್ಥಿಗಳಿಗೆಂದು ‘ಆಕಾಶ್’ ಎಂಬ ಅಗ್ಗದ ಟ್ಯಾಬ್ಲೆಟ್ಟನ್ನು 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಆಗಿನ ಕೇಂದ್ರ ಸಚಿವ ಕಪಿಲ್ ಸಿಬಲ್ ಬಿಡುಗಡೆ ಮಾಡಿದರು. ದೇಶವೆಲ್ಲ ಅದರದೇ ಸುದ್ದಿ. ಮಾರುಕಟ್ಟೆಗೆ ಬರಲಿದ್ದ ಅದರ ಇನ್ನೊಂದು ಮಾದರಿಗೆ ಜನ ಆನ್‌ಲೈನಿನಲ್ಲಿ ಮುಗಿಬಿದ್ದು ಬುಕ್ ಮಾಡಿದರು. ಅನೇಕರು ತಿಂಗಳುಗಟ್ಟಲೆ ಕಾದರು. ಮೊದಲ ಆಕಾಶ್‌ನ ಪರದೆಯನ್ನು ಬೆರಳಿನಿಂದ ಒತ್ತಬೇಕಿತ್ತು, ಅದರ ರ‍್ಯಾಮ್ 256 ಎಂಬಿ ಮಾತ್ರ. 2012ರ ನವೆಂಬರ್ 11ರಂದು ‘ಆಕಾಶ್ 2’ ಬಂತು: ಹಗುರವಾಗಿ ಮುಟ್ಟಿದರೆ ಸಾಕಾಗುವ ಪರದೆ, ಎರಡರಷ್ಟು ರ‍್ಯಾಮ್. ಅವಸರ ಮಾಡದೆ ಒಂದು ವರ್ಷ ಕಾದವರಿಗೆ ಉತ್ತಮವಾದದ್ದು ಸಿಕ್ಕಿತು.

ಒಂದು ವರ್ಷ ಕಾಯಿರಿ ಎಂದು ನಾವು ಹೇಳುತ್ತಿಲ್ಲ. ಆದರೆ ಮೊದಲ ದಿನವೇ ಕೊಳ್ಳುವವರಿಗೆ ಬೇರೆಯವರ ಅನುಭವ ಕೇಳುವ ಅವಕಾಶ ಇರುವುದಿಲ್ಲ. ಕೆಲವು ವಾರ ತಡೆದರೆ ಅದರ ದೋಷ ಗೊತ್ತಾಗುತ್ತದೆ, ಹಲವು ಸಲ ಬೆಲೆಯೂ ಇಳಿಯುತ್ತದೆ. ಪಾಠ ಓದಲು ಬೇಕಾದದ್ದು ಕಣ್ಣಿಗೆ ಆಯಾಸವಾಗದ ಪರದೆ, ತಾಳುವ ಬ್ಯಾಟರಿ, ಸಾಕಷ್ಟು ಮೆಮೊರಿ. ಹೊಸ ಹೆಸರು ಅಲ್ಲ.

ಅಂಗಡಿಯಲ್ಲಿ ಕೊಳ್ಳುವಾಗ

1. ಅಂಗಡಿಯ ದೊಡ್ಡ ಲಾಭವೆಂದರೆ ವಸ್ತುವನ್ನು ಮುಟ್ಟಿ ನೋಡಬಹುದು. ಹಾಗಾಗಿ ಮುಟ್ಟಿಯೇ ನೋಡಿ. ಎದುರಿಗೇ ಸೀಲ್ ತೆಗೆಸಿ, ಆನ್ ಮಾಡಿಸಿ, ಪರದೆಯ ನಾಲ್ಕೂ ಮೂಲೆ ಮುಟ್ಟಿ, ಧ್ವನಿ ಕೇಳಿ, ಕ್ಯಾಮೆರಾ ನೋಡಿ, ಚಾರ್ಜರ್ ಹಾಕಿ ನೋಡಿ.

2. ಡಬ್ಬದ ಮೇಲಿರುವ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿರುತ್ತದೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕೇಳಿದಾಗ ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಎಂದೇ ಕರೆಯುತ್ತದೆ.

3. ‘ಮಾರಿದ ಸರಕು ವಾಪಸ್ ಇಲ್ಲ’ ಎಂಬ ಬೋರ್ಡ್ ನೋಡಿ ಹೆದರಬೇಡಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ ಕೊಟ್ಟಾಗ, ವಾಪಸ್ ಪಡೆಯಲು ನಿರಾಕರಿಸುವುದೂ ಅದೇ ಕಾಯ್ದೆಯ ಪ್ರಕಾರ ತಪ್ಪು. ಆದರೆ ಸುಮ್ಮನೆ ಮನಸ್ಸು ಬದಲಾಯಿತು ಎಂದರೆ ಈ ಹಕ್ಕು ಬರುವುದಿಲ್ಲ.

ಆನ್‌ಲೈನಿನಲ್ಲಿ ತರಿಸುವಾಗ

1. ಲಿಂಕ್ ಒತ್ತಿ ಹೋಗಬೇಡಿ. ಕಂಪನಿಯ ಆ್ಯಪನ್ನು ನೀವೇ ತೆರೆದು ಹುಡುಕಿ. ಮಾರುವವರ ಹೆಸರು, ವಿಳಾಸ, ವಾಪಸಾತಿಯ ನಿಯಮ ಓದಿ. ಕೆಲವು ಕಡೆ ಹಣ ವಾಪಸ್ ಇರುವುದಿಲ್ಲ, ಬದಲಿ ವಸ್ತು ಮಾತ್ರ ಕೊಡುತ್ತಾರೆ.

2. ನಿಮ್ಮ ಊರಿನ ಪಿನ್‌ಕೋಡ್ ಹಾಕಿ, ವಸ್ತು ಮನೆಗೆ ಬರುತ್ತದಾ, ವಾಪಸ್ ಒಯ್ಯಲೂ ಬರುತ್ತಾರಾ ನೋಡಿ. ಎಸ್ಟೇಟಿನ ಲೈನು ಮನೆಗಳಿಗೆ, ಒಳಹಳ್ಳಿಗಳಿಗೆ ಈ ಎರಡನೆಯದು ಕಷ್ಟ.

3. ತಂದುಕೊಟ್ಟವರ ಎದುರಿಗೇ ಡಬ್ಬ ತೆರೆಯುವ ಸೌಲಭ್ಯವಿದ್ದರೆ ಅದನ್ನೇ ಆರಿಸಿ. ನೋಡಿದ ಮೇಲೆಯೇ ಓಟಿಪಿ ಹೇಳಿ. ಇಲ್ಲದಿದ್ದರೆ ಸೀಲ್ ಬಿಚ್ಚುವುದರಿಂದ ಹಿಡಿದು ಆನ್ ಮಾಡುವವರೆಗೆ ನಿಲ್ಲಿಸದೆ ವಿಡಿಯೊ ತೆಗೆಯಿರಿ.

4. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಮಾರಾಟಗಾರರು ವಾಪಸ್ ಪಡೆಯಲೇಬೇಕು. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

5. ಹಣ ವಾಪಸ್ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ‘ರೀಫಂಡ್ ಕೊಡ್ತೀವಿ, ಪಿನ್ ಹಾಕಿ’ ಎಂದರೆ ಅದು ಮೋಸ.

ಎರಡೂ ಕಡೆ ನೆನಪಿಡಬೇಕಾದದ್ದು

ಸರ್ವಿಸ್ ಸೆಂಟರ್ ನಿಮ್ಮ ಜಿಲ್ಲೆಯಲ್ಲಿ ಇದೆಯಾ ಎಂದು ಮೊದಲೇ ಕೇಳಿ. 500 ರೂಪಾಯಿ ಅಗ್ಗವೆಂದು ಕೊಂಡು, ರಿಪೇರಿಗೆ ಬೆಂಗಳೂರಿಗೆ ಹೋದರೆ ಲಾಭವೇನು ಬಂತು? ‘ಬಡ್ಡಿ ಇಲ್ಲದ ಕಂತು’ ಎಂಬ ಮಾತಿಗೂ ಮರುಳಾಗಬೇಡಿ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಒಟ್ಟು ಎಷ್ಟು ಕಟ್ಟಬೇಕಾಗುತ್ತದೆ ಎಂದು ಕೂಡಿಸಿ, ಸಂಘದ ಸಾಲದ ಬಡ್ಡಿಯ ಜೊತೆ ಹೋಲಿಸಿ. ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಡಬ್ಬದ ಮೇಲಿನ ನಂಬರಿಗೆ ಸರಿಹೊಂದುತ್ತದಾ ನೋಡಿ. ಬಿಲ್ಲಿನ ಅಕ್ಷರ ಮಾಸಿಹೋಗುತ್ತದೆ, ಹಾಗಾಗಿ ಅವತ್ತೇ ಒಂದು ಫೋಟೊ ತೆಗೆದಿಡಿ.

ತೊಂದರೆಯಾದರೆ

ಮೊದಲು ಮಾರಿದವರಿಗೆ ಬರವಣಿಗೆಯಲ್ಲಿ ದೂರು ಕೊಡಿ, ಪ್ರತಿ ಇಟ್ಟುಕೊಳ್ಳಿ. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಆನ್‌ಲೈನ್ ಮೋಸದಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಇಲ್ಲಿ ಒಂದೊಂದು ಗಂಟೆಯೂ ಮುಖ್ಯ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಬೇಕೇಬೇಕೆಂದಿಲ್ಲ. ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು.

ಆ ತಾಯಿಯ ವಿಷಯ ಏನಾಯಿತು? ನಾವು ಅವರ ಜೊತೆ ಅಂಗಡಿಗೆ ಹೋದೆವು. ಜಗಳ ಮಾಡಲಿಲ್ಲ. ಬಿಲ್ಲಿನ ವಿಷಯ, 30 ದಿನದ ವಿಷಯ ಎರಡನ್ನೂ ಬಿಳಿ ಹಾಳೆಯಲ್ಲಿ ಬರೆದು, ತಾಯಿಯ ಸಹಿ ಹಾಕಿಸಿ ಕೊಟ್ಟೆವು. ಅಂಗಡಿಯವರು ಎರಡು ಸಲ ಓದಿದರು. ಸ್ವಲ್ಪ ಹೊತ್ತಿನ ಮೇಲೆ, ಟ್ಯಾಬ್ ಮಾರಿದ ದಿನಾಂಕ ಹಾಕಿ ಬಿಲ್ ಬರೆದುಕೊಟ್ಟರು. ವಾರಂಟಿಯಲ್ಲಿ ಪರದೆ ಬದಲಾಯಿತು. ಆದರೆ ಅಷ್ಟರಲ್ಲಿ ಹತ್ತೊಂಬತ್ತು ದಿನ ಕಳೆದಿತ್ತು, ಮಗಳ ಒಂದು ಕಿರುಪರೀಕ್ಷೆಯೂ ಮುಗಿದುಹೋಗಿತ್ತು. ಆ ದಿನಗಳನ್ನು ವಾಪಸ್ ಕೊಡುವ ಕಾಯ್ದೆ ಯಾವುದೂ ಇಲ್ಲ. "ಸಿಸ್ಟರ್, ಇನ್ಮೇಲೆ ಬೆಂಕಿಪೊಟ್ಟಣ ತಗೊಂಡ್ರೂ ಬಿಲ್ ಕೇಳ್ತೀನಿ" ಅಂದರು ತಾಯಿ.

ಈಗ ಯಾರಾದರೂ ಅದೇ ಪ್ರಶ್ನೆ ಕೇಳಿದರೆ ನಮ್ಮ ಉತ್ತರ ಬೇರೆ: "ಎಲ್ಲಿ ಬೇಕಾದ್ರೂ ತಗೊಳ್ಳಿ. ಆದರೆ ನೋಡಿ ತಗೊಳ್ಳಿ, ಬಿಲ್ ತಗೊಂಡೇ ಬನ್ನಿ."

ಚರ್ಚೆಗೆ ಪ್ರಶ್ನೆಗಳು

1. ಕಳೆದ ಒಂದು ವರ್ಷದಲ್ಲಿ ನಾವು ಕೊಂಡ ದೊಡ್ಡ ವಸ್ತು ಯಾವುದು? ಅದರ ಬಿಲ್ ಈಗ ಎಲ್ಲಿದೆ?

2. ನಮ್ಮ ಊರಿಗೆ ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ? ಹೋಗಿಬರಲು ಎಷ್ಟು ಖರ್ಚು?

3. ವಸ್ತು ಕೊಳ್ಳಲು ಸಾಲ ಪಡೆದವರು ಬಿಲ್ಲಿನ ಪ್ರತಿಯನ್ನು ಸಂಘಕ್ಕೆ ಕೊಡಬೇಕು ಎಂದು ನಾವು ನಿರ್ಣಯ ಮಾಡಬಹುದೇ?