ಮೊಲದ ಹಿಕ್ಕೆ: ಹಿತ್ತಲಿಗೆ ಸಾಕು, ಹೊಲಕ್ಕಲ್ಲ

ಮಾಂಸಕ್ಕೋ ಮರಿ ಮಾರಾಟಕ್ಕೋ ಮೊಲ ಸಾಕುವ ಮನೆಗಳಲ್ಲಿ ಗೂಡಿನ ಕೆಳಗೆ ಬೀಳುವ ಹಿಕ್ಕೆಯನ್ನು ಕೆಲವರು ಗುಡಿಸಿ ಆಚೆ ಎಸೆಯುತ್ತಾರೆ. ಇನ್ನು ಕೆಲವರು ಅದು ಗಿಡ ಸುಡದ ತಂಪು ಗೊಬ್ಬರವೆಂದು ನಂಬಿ, ಬಿದ್ದದ್ದನ್ನು ಬಿದ್ದ ಹಾಗೇ ಸೊಪ್ಪಿನ ಮಡಿಗೆ ಸುರಿಯುತ್ತಾರೆ. ಎರಡೂ ಸರಿಯಲ್ಲ. ತೂಕಕ್ಕೆ ತೂಕ ನೋಡಿದರೆ ಮೊಲದ ಹಿಕ್ಕೆ ಕೊಟ್ಟಿಗೆ ಗೊಬ್ಬರಕ್ಕಿಂತ ಎಷ್ಟೋ ಪಾಲು ಸತ್ವವುಳ್ಳದ್ದು. ಆದರೆ ಆ ಸತ್ವ ಗಿಡಕ್ಕೆ ದಕ್ಕಬೇಕಾದರೆ ಹಿಕ್ಕೆಯನ್ನು ಮೂತ್ರದಿಂದ ಬೇರ್ಪಡಿಸಬೇಕು, ಕಳಿಯಲು ಸಮಯ ಕೊಡಬೇಕು, ಹೊಲದ ಆಸೆ ಬಿಟ್ಟು ಹಿತ್ತಲಿಗೆ ಮೀಸಲಿಡಬೇಕು.

ಸಾಮಾನ್ಯವಾಗಿ ಮೊಲದ ಹಿಕ್ಕೆಯಲ್ಲಿ ಶೇ. 2ಕ್ಕಿಂತ ತುಸು ಹೆಚ್ಚು ಸಾರಜನಕ, ಶೇ. 1.4ರಷ್ಟು ರಂಜಕ, ಶೇ. 0.6ರಷ್ಟು ಪೊಟ್ಯಾಷ್ ಇರುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಕೊಟ್ಟಿಗೆ ಗೊಬ್ಬರದಲ್ಲಿ ಇವು ಸುಮಾರು ಶೇ. 0.5, 0.2 ಮತ್ತು 0.5. ಈ ಅಂತರಕ್ಕೆ ದೊಡ್ಡ ಕಾರಣ ನೀರು. ಹಸಿ ಸಗಣಿಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇರುತ್ತದೆ. ಮೊಲದ ಕರುಳು ನೀರನ್ನು ಚೆನ್ನಾಗಿ ಹೀರಿಕೊಂಡು ಗಟ್ಟಿ ಗುಂಡನ್ನು ಹೊರಹಾಕುತ್ತದೆ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಮೆತ್ತಗಿನದನ್ನು ಗುದದ್ವಾರದಿಂದಲೇ ಬಾಯಿಗೆಳೆದು ಮತ್ತೆ ತಿಂದು ಅದರ ಪ್ರೋಟೀನು, ವಿಟಮಿನ್ನುಗಳನ್ನು ದಕ್ಕಿಸಿಕೊಳ್ಳುತ್ತದೆ. ನಮಗೆ ಸಿಗುವುದು ನಾರು ತುಂಬಿದ ಗಟ್ಟಿ ಹಿಕ್ಕೆ. ಮೇವಿನ ಗುಣವೂ ಮುಖ್ಯ. ಕುದುರೆ ಮೆಂತೆ, ಕಾಳಿನ ಹೊಟ್ಟು, ಸಿದ್ಧ ಆಹಾರ ತಿನ್ನುವ ಮೊಲದ ಹಿಕ್ಕೆಗೂ ಬರೀ ಹುಲ್ಲು ತಿನ್ನುವ ಮೊಲದ ಹಿಕ್ಕೆಗೂ ಸಾರಜನಕದಲ್ಲಿ ವ್ಯತ್ಯಾಸವಿದೆ. ಹಾಗಾಗಿ ಮೇಲಿನ ಅಂಕಿಗಳನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಬೇಕು.

ಗಿಡ ಸುಡುವುದಿಲ್ಲ ಎಂಬ ಮಾತು ಒಣ ಹಿಕ್ಕೆಯ ಮಟ್ಟಿಗೆ ಬಹುಪಾಲು ನಿಜ. ಅದರ ಸಾರಜನಕ ನಾರಿನ ಜೊತೆ ಹೆಣೆದುಕೊಂಡಿದ್ದು, ಮಣ್ಣಿನ ಜೀವಾಣುಗಳು ಒಡೆದಂತೆಲ್ಲ ನಿಧಾನವಾಗಿ ಬಿಡುಗಡೆಯಾಗುತ್ತದೆ. ಆದರೆ ಗೂಡಿನ ಕೆಳಗೆ ಹಿಕ್ಕೆಯೊಂದೇ ಬೀಳುವುದಿಲ್ಲ, ಮೂತ್ರವೂ ಬೀಳುತ್ತದೆ. ಮೂತ್ರದ ಯೂರಿಯಾ ಬೇಗ ಅಮೋನಿಯವಾಗಿ ಕಣ್ಣು ಉರಿಸುವ ವಾಸನೆ ಬಿಡುತ್ತದೆ. ಅದು ಮೊಲದ ಶ್ವಾಸಕೋಶಕ್ಕೂ ಕೆಟ್ಟದ್ದು, ಎಳೆ ಬೇರಿಗೂ ಕೆಟ್ಟದ್ದು. ಮೂತ್ರದಲ್ಲಿ ನೆಂದ ಹಿಕ್ಕೆಯನ್ನು ಸಸಿಯ ಬುಡಕ್ಕೆ ಹಾಕಿ, ಎಲೆಯಂಚು ಸುಟ್ಟಾಗ ಹಿಕ್ಕೆಯನ್ನು ದೂರಿದರೆ ಫಲವಿಲ್ಲ. ಗೂಡಿನ ಕೆಳಗೆ ಇಳಿಜಾರಾಗಿ ತಗಡು ಕಟ್ಟಿ, ಅದರ ಮೇಲೆ ಸಣ್ಣ ಕಣ್ಣಿನ ಬಲೆ ಹಾಸಿದರೆ ಮೂತ್ರ ಹರಿದು ಡಬ್ಬಿಗೆ ಸೇರುತ್ತದೆ, ಹಿಕ್ಕೆ ಮೇಲೇ ಉಳಿಯುತ್ತದೆ. ಇನ್ನೊಂದು ಸಂಗತಿ: ಮೊಲ ಹೆಚ್ಚಾದ ಸುಣ್ಣದಂಶವನ್ನು ಮೂತ್ರದಲ್ಲೇ ಹೊರಹಾಕುತ್ತದೆ. ತಗಡಿನ ಮೇಲೆ ಕಟ್ಟುವ ಬಿಳಿ ಪದರ ಅದೇ. ಮೊದಲೇ ಸುಣ್ಣ ಹೆಚ್ಚಿರುವ ಕ್ಷಾರ ಮಣ್ಣಿಗೆ ಈ ಮೂತ್ರವನ್ನು ಪದೇ ಪದೇ ಸುರಿಯುವುದು ಬೇಡ.

ಸುಡದಿದ್ದರೆ ಹಸಿಯಾಗಿಯೇ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಗಿಡಕ್ಕೆ ಸುಡದ್ದು ಬೇರೆ, ತಿನ್ನುವವರಿಗೆ ಸುರಕ್ಷಿತವಾದದ್ದು ಬೇರೆ. ಮೊಲಗಳನ್ನು ಕಾಡುವ ಕಾಕ್ಸಿಡಿಯಾ ರೋಗಾಣು ಮನುಷ್ಯರಿಗೆ ಹತ್ತುವುದಿಲ್ಲ, ನಿಜ. ಆದರೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಯಾವ ಪ್ರಾಣಿಯ ಮಲದಲ್ಲಾದರೂ ಇರಬಹುದು. ಕೊತ್ತಂಬರಿ, ಮೂಲಂಗಿ, ಕ್ಯಾರೆಟ್‌ಗಳನ್ನು ನಾವು ಹಸಿಯಾಗಿಯೇ ತಿನ್ನುತ್ತೇವೆ. ಅಮೆರಿಕದ ಸಾವಯವ ನಿಯಮಗಳ ಪ್ರಕಾರ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಗೆ ಹಸಿ ಗೊಬ್ಬರ ಹಾಕಿದ ಮೇಲೆ ಕೊಯ್ಲಿಗೆ 120 ದಿನ, ತಾಗದ ಬೆಳೆಗೆ 90 ದಿನ ಕಾಯಬೇಕು. ಒಂದೇ ತಿಂಗಳಲ್ಲಿ ಕೀಳುವ ಸೊಪ್ಪಿಗೆ ಆ ಅವಧಿಯೇ ಸಿಗದು. ಗುಡ್ಡೆ ಹಾಕಿದರೆ ಶಾಖಕ್ಕೆ ರೋಗಾಣು ಸಾಯುತ್ತವೆ ಎನ್ನುವುದು ದೊಡ್ಡ ರಾಶಿಯ ಮಾತು. ಒಂದು ಘನ ಮೀಟರಿಗಿಂತ ಚಿಕ್ಕ ಗುಡ್ಡೆ 55 ಡಿಗ್ರಿ ಸೆಲ್ಸಿಯಸ್ ಶಾಖವನ್ನು ದಿನಗಟ್ಟಲೆ ಹಿಡಿದಿಡುವುದು ಕಷ್ಟ. ಆದ್ದರಿಂದ ನಾಲ್ಕಾರು ಮೊಲ ಸಾಕುವವರು ಶಾಖ ನಂಬದೆ ಕಾಲವನ್ನು ನಂಬಬೇಕು. ಒಣ ತರಗೆಲೆಯ ಜೊತೆ ಪದರ ಪದರವಾಗಿ ಹಾಕಿ, ಮಳೆ ತಾಗದಂತೆ ಮುಚ್ಚಿ, ತೇವ ಆರದಂತೆ ನೋಡಿಕೊಂಡು, ಆಗಾಗ ತಿರುವುತ್ತ ಮೂರ್ನಾಲ್ಕು ತಿಂಗಳು ಬಿಟ್ಟು ನಂತರ ಬಳಸುವುದು ಲೇಸು.

ಇಷ್ಟು ಸ್ವಲ್ಪಕ್ಕೆ ಇಷ್ಟೆಲ್ಲ ಶ್ರಮವೇ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಬೆಳೆದ ಮೊಲ ದಿನಕ್ಕೆ 100 ಗ್ರಾಂನಿಂದ 150 ಗ್ರಾಂ ಹಿಕ್ಕೆ ಹಾಕಿದರೆ ವರ್ಷಕ್ಕೆ ಸುಮಾರು 40 ಕೆಜಿ. ತರಕಾರಿಗೆ ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಎಂಬ ಲೆಕ್ಕದಲ್ಲಿ ಎಕರೆಗೆ 10 ಟನ್. ಸತ್ವದ ಲೆಕ್ಕದಲ್ಲಿ ಅದರ ಕಾಲು ಭಾಗದಷ್ಟು ಹಿಕ್ಕೆ ಸಾಕೆಂದರೂ ಎಕರೆಗೆ ಅರವತ್ತಕ್ಕೂ ಹೆಚ್ಚು ಮೊಲ ಬೇಕು. ಗೊಬ್ಬರಕ್ಕೆಂದೇ ಮೊಲ ಕಟ್ಟುವವನಿಗೆ ಇದು ಲಾಭದ ದಾರಿಯಲ್ಲ; ಹೊಲಕ್ಕೆ ಕುರಿ ನಿಲ್ಲಿಸುವುದೇ ವಾಸಿ. ಅದೇ 100 ಚದರ ಮೀಟರಿನ ಹಿತ್ತಲಿಗೆ ಬೇಕಾದದ್ದು 60ರಿಂದ 80 ಕೆಜಿ. ಎರಡು ಮೊಲದ ವರ್ಷದ ಹಿಕ್ಕೆ. ಕರೆಯುವ ಹಸುವಿಲ್ಲದ ಮನೆಗೆ, ಪಟ್ಟಣದ ತಾರಸಿ ತೋಟಕ್ಕೆ, ಸಸಿಮಡಿಗೆ ಇದು ನಿಜಕ್ಕೂ ದೊಡ್ಡ ಆಸರೆ.

ಬಳಸುವಾಗ ಚದರ ಮೀಟರಿಗೆ ಮುಕ್ಕಾಲು ಕೆಜಿ ಕಳಿತ ಗೊಬ್ಬರವನ್ನು ನಾಟಿಗೆ ಮುಂಚೆ ಮೇಲ್ಮಣ್ಣಿನಲ್ಲಿ ಬೆರೆಸಿದರೆ ಸಾಕು. ಕುಂಡಕ್ಕಾದರೆ ಹತ್ತು ಪಾಲು ಮಣ್ಣಿಗೆ ಒಂದು ಪಾಲು. ಎರೆಹುಳುಗಳಿಗೆ ಒಣ ಹಿಕ್ಕೆ ಬಹಳ ಇಷ್ಟ. ಮೂತ್ರ ತಾಗಿದ್ದನ್ನು ಮಾತ್ರ ತೊಟ್ಟಿಗೆ ಹಾಕಬಾರದು. ಕಜ್ಜಿಗೆ ಐವರ್ಮೆಕ್ಟಿನ್ ಚುಚ್ಚುಮದ್ದು ಕೊಟ್ಟಿದ್ದರೆ ಆ ಔಷಧಿ ಹಿಕ್ಕೆಯಲ್ಲೂ ಹೊರಬರುವುದರಿಂದ ಕೆಲವು ವಾರಗಳ ಹಿಕ್ಕೆಯನ್ನು ಬೇರೆಯಾಗಿಡಿ. ಬಾಳೆ, ಗೆಣಸುಗಳಿಗೆ ಇದರ ಪೊಟ್ಯಾಷ್ ಸಾಲದು. ಮಲೆನಾಡಿನ ಹುಳಿ ಮಣ್ಣಿನಲ್ಲಿ ಆ ಕೊರತೆಯನ್ನು ಒಲೆ ಬೂದಿಯಿಂದ ತುಂಬಬಹುದು, ಆದರೆ ಬೂದಿಯನ್ನು ಗೊಬ್ಬರದ ರಾಶಿಗೇ ಬೆರೆಸಿದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಗೊಬ್ಬರ ಮಣ್ಣಿಗೆ ಸೇರಿ ಎರಡು ವಾರ ಕಳೆದ ಮೇಲೆ ಬೂದಿಯನ್ನು ಪ್ರತ್ಯೇಕವಾಗಿ ಎರಚಿ.